ಮನೆಯ ಫ್ರೀಜರು: ತಾಪಸಂವೇದಕದ ದೋಷವೂ ಕುಟುಂಬದ ಆರೋಗ್ಯವೂ

ಉದ್ಯೋಗವನ್ನರಸಿ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಊರಿನ ಒಂದು ಪಾಲು ಸದಾ ಫ್ರೀಜರಿನೊಳಗೆ ಇರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರು, ಮೈಸೂರುಗಳಿಂದ ತಂದ ಹಿತುಕಿದ ಅವರೆಬೇಳೆ, ಬಿಡುವಿನ ದಿನ ಒಮ್ಮೆಗೇ ತುರಿದಿಟ್ಟ ತೆಂಗಿನಕಾಯಿ, ಹಬ್ಬದಲ್ಲಿ ಉಳಿದ ಹೋಳಿಗೆ, ಕರಾವಳಿಯವರ ಮನೆಯಾದರೆ ಮಂಜುಗಡ್ಡೆಯಲ್ಲಿ ಹುದುಗಿಸಿ ತಂದ ಬಂಗುಡೆ, ಅಂಜಲು - ಹೀಗೆ ತವರಿನ ರುಚಿಯೆಲ್ಲ ಆ ಚಿಕ್ಕ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. 1998ರಲ್ಲಿ ಸೈಬರ್ ಟವರ್ಸ್ ಕಟ್ಟಡವು ತೆರೆದ ಮೇಲೆ ಮಹಾನಗರದ ಭಾಗವಾಗಿ ಬೆಳೆದ ಮಾದಾಪುರದಲ್ಲಿ ಗಂಡಹೆಂಡಿರಿಬ್ಬರೂ ಕಚೇರಿಗೆ ಹೋಗುವ ಸಂಸಾರಗಳು ಹೆಚ್ಚು. ಅಂಥ ಮನೆಗಳಲ್ಲಿ ವಾರದ ಅಡುಗೆಯ ಸಿದ್ಧತೆ, ಕೂಸಿಗಾಗಿ ತೆಗೆದಿಟ್ಟ ತಾಯಿಯ ಹಾಲು, ಕೆಳಗಿನ ಫ್ರಿಜ್ ಭಾಗದಲ್ಲಿ ಹಿರಿಯರ ಇನ್ಸುಲಿನ್ - ಇವೆಲ್ಲವೂ ಆ ಒಂದು ಯಂತ್ರವನ್ನೇ ನಂಬಿರುತ್ತವೆ.

ಯಂತ್ರವಾದರೋ ಮತ್ತೊಂದನ್ನು ನಂಬಿರುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಎರಡು ತಂತಿಗಳ ತುದಿಯಲ್ಲಿರುವ ಒಂದು ಗುಂಡನ್ನು! ರಿಪೇರಿಯವರು ಸೆನ್ಸರ್ ಎಂದು ಕರೆಯುವ ತಾಪಸಂವೇದಕವೇ ಅದು. ಒಳಗೆ ಎಷ್ಟು ತಂಪಿದೆ ಎಂಬುದನ್ನು ಯಂತ್ರಕ್ಕೆ ತಿಳಿಸುವ ಹೊಣೆ ಅದರದು. ಅದು ತಪ್ಪು ವರದಿ ಕೊಟ್ಟರೆ ಉಳಿದೆಲ್ಲ ಭಾಗಗಳೂ ಸರಿಯಾಗಿದ್ದುಕೊಂಡೇ ತಪ್ಪು ಕೆಲಸ ಮಾಡುತ್ತವೆ. ಬಾಗಿಲ ಮೇಲಿನ ಅಂಕಿ ಎಂದಿನಂತೆ ಹೊಳೆಯುತ್ತಿದ್ದರೂ ಒಳಗಿನ ಆಹಾರ ಕೆಡುತ್ತಿರುವುದು ಸಾಧ್ಯ. ಆದುದರಿಂದ ಈ ದೋಷವನ್ನು ಗುರುತಿಸುವ ಬಗೆಯನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಒಳ್ಳೆಯದು.

ಶೈತ್ಯದ ಕೆಲಸವೇನು?

ಮನೆಯ ಫ್ರೀಜರು ಇರಬೇಕಾದ ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಫ್ರಿಜ್ ಭಾಗವು 5 ಡಿಗ್ರಿಗಿಂತ ಕೆಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. 5ರಿಂದ 60 ಡಿಗ್ರಿಯವರೆಗಿನ ಉಷ್ಣತೆ ಅಪಾಯದ ವಲಯ. ರೋಗಾಣುಗಳು ವೇಗವಾಗಿ ವೃದ್ಧಿಯಾಗುವುದು ಅಲ್ಲಿಯೇ.

ಹೆಪ್ಪುಗಟ್ಟಿಸಿದರೆ ಕ್ರಿಮಿಗಳೆಲ್ಲ ಸಾಯುತ್ತವೆಂಬ ನಂಬಿಕೆ ಅನೇಕರಲ್ಲಿದೆ. ಇದು ನಿಜವಲ್ಲ. ಶೈತ್ಯವು ಬಹುಪಾಲು ರೋಗಾಣುಗಳನ್ನು ನಿದ್ರೆಯಲ್ಲಿರಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಮಂಜು ಕರಗಿ ಪದಾರ್ಥ ಬೆಚ್ಚಗಾದೊಡನೆ ಅವು ಎಚ್ಚೆತ್ತು ಮತ್ತೆ ಬೆಳೆಯತೊಡಗುತ್ತವೆ. ಆಮೇಲೆ ಯಂತ್ರ ಸರಿಹೋಗಿ ಎಲ್ಲವೂ ಮತ್ತೆ ಗಟ್ಟಿಯಾದರೆ ನೋಡುವ ಕಣ್ಣಿಗೆ ಯಾವ ವ್ಯತ್ಯಾಸವೂ ತೋರದು. ಸಂವೇದಕದ ದೋಷವು ಆರೋಗ್ಯದ ವಿಷಯವಾಗುವುದು ಈ ಕಾರಣದಿಂದಲೇ.

ಸಂವೇದಕದ ಗುಣ

ಸಾಮಾನ್ಯ ಲೋಹದ ತಂತಿ ಕಾದಂತೆಲ್ಲ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಕೆಲವು ವಸ್ತುಗಳ ನಡತೆ ಇದಕ್ಕೆ ವಿರುದ್ಧ. 1833ರಲ್ಲಿ ಮೈಕೇಲ್ ಫ್ಯಾರಡೆಯು ಬೆಳ್ಳಿಯ ಸಲ್ಫೈಡನ್ನು ಪರೀಕ್ಷಿಸುತ್ತಿದ್ದಾಗ ಅದು ಕಾದಷ್ಟೂ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದನ್ನು ಕಂಡನು. ಈ ಗುಣವನ್ನೇ ಬಳಸಿ ಲೋಹದ ಆಕ್ಸೈಡುಗಳಿಂದ ತಯಾರಿಸಿದ ಥರ್ಮಿಸ್ಟರ್ ಎಂಬ ಸಾಧನವು ಇಂದಿನ ಫ್ರಿಜ್ಜುಗಳಲ್ಲಿ ಸಂವೇದಕವಾಗಿದೆ. ತಂಪು ಹೆಚ್ಚಿದಂತೆ ಅದರ ರೋಧ ಏರುತ್ತದೆ; ಬೆಚ್ಚಗಾದಂತೆ ಇಳಿಯುತ್ತದೆ.

25 ಡಿಗ್ರಿಯಲ್ಲಿ 10 ಸಾವಿರ ಓಮ್ ರೋಧವಿರುವ ಒಂದು ಬಗೆಯ ಸಂವೇದಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸೊನ್ನೆ ಡಿಗ್ರಿಯಲ್ಲಿ ಅದರ ರೋಧ ಸುಮಾರು 33 ಸಾವಿರ ಓಮ್, ಮೈನಸ್ 18ರಲ್ಲಿ ಸುಮಾರು 90 ಸಾವಿರ ಓಮ್ ಆಗಿರುತ್ತದೆ. ಯಂತ್ರದ ನಿಯಂತ್ರಣ ಫಲಕವು ಈ ರೋಧವನ್ನು ಅಳೆದು ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ತಂಪು ಸಾಲದಿದ್ದರೆ ಕಂಪ್ರೆಸರನ್ನು ಓಡಿಸುತ್ತದೆ, ಸಾಕಾದರೆ ನಿಲ್ಲಿಸುತ್ತದೆ. ಎಲ್ಲ ತಯಾರಕರೂ ಒಂದೇ ಬಗೆಯ ಸಂವೇದಕವನ್ನು ಬಳಸುವುದಿಲ್ಲ. ಆದುದರಿಂದ ಮೇಲಿನ ಅಂಕಿಗಳು ಮಾದರಿ ಮಾತ್ರ. ಆಯಾ ಯಂತ್ರದ ಪಟ್ಟಿಯೇ ಪ್ರಮಾಣ.

ಮಂಜುಕಟ್ಟದ ಎರಡು ಬಾಗಿಲಿನ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಂವೇದಕಗಳಿರುತ್ತವೆ: ಫ್ರೀಜರಿಗೊಂದು, ಕೆಳಭಾಗಕ್ಕೊಂದು, ತಂಪು ಹುಟ್ಟುವ ಸುರುಳಿಯ ಮೇಲೆ ಮಂಜು ಕರಗಿಸುವ ಹೊತ್ತನ್ನು ನಿರ್ಧರಿಸಲು ಮತ್ತೊಂದು.

ದೋಷದ ಮೂರು ಬಗೆಗಳು

ಮೊದಲನೆಯದು, ತಂತಿ ಕಡಿದುಹೋಗುವುದು. ಆಗ ರೋಧವು ಅಪಾರವಾಗಿ, ಒಳಗೆ ಊಹಿಸಲಾಗದಷ್ಟು ಶೈತ್ಯವಿದೆಯೆಂಬ ಸುದ್ದಿ ಫಲಕಕ್ಕೆ ಮುಟ್ಟುತ್ತದೆ. ಎರಡನೆಯದು, ತಂತಿಗಳೆರಡೂ ಒಂದಕ್ಕೊಂದು ತಗುಲಿ ರೋಧವು ಸೊನ್ನೆಯ ಹತ್ತಿರಕ್ಕೆ ಇಳಿಯುವುದು. ಆಗ ಒಳಗೆ ಬೆಂಕಿಯಂಥ ಸೆಕೆ ಇದೆಯೆಂಬ ಸುದ್ದಿ ಹೋಗುತ್ತದೆ. ಇವೆರಡೂ ಅಸಂಭವವಾದ ಸುದ್ದಿಗಳಾದ್ದರಿಂದ ಬಹುತೇಕ ಹೊಸ ಯಂತ್ರಗಳು ಅವನ್ನು ನಂಬದೆ ಬಾಗಿಲ ಮೇಲೆ ದೋಷದ ಸಂಕೇತವನ್ನು ತೋರಿಸುತ್ತವೆ. ಸಂಕೇತದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಯಂತ್ರದೊಡನೆ ಬಂದ ಪುಸ್ತಿಕೆಯಲ್ಲಿ ಅದನ್ನು ನೋಡಬೇಕು.

ಮೂರನೆಯದು ಇವೆರಡಕ್ಕಿಂತ ಕಪಟವಾದುದು. ಸಂವೇದಕವು ಪೂರ್ತಿ ಕೆಡುವುದಿಲ್ಲ, ಸ್ವಲ್ಪ ಜಾರುತ್ತದೆ. ಅದರ ವರದಿ ನಂಬುವಂತಿರುತ್ತದೆ, ಆದರೆ ನಿಜವಾಗಿರುವುದಿಲ್ಲ. ಯಾವ ಸಂಕೇತವೂ ಮೂಡುವುದಿಲ್ಲ.

ಈ ಜಾರುವಿಕೆಯೂ ಎರಡು ದಿಕ್ಕಿನದು. ಜೋಡಣೆಯ ಕೊಂಡಿಯಲ್ಲಿ ಕಿಲುಬು ಹಿಡಿದರೆ ರೋಧ ಹೆಚ್ಚುತ್ತದೆ. ಮೇಲೆ ಹೇಳಿದ ಬಗೆಯ ಸಂವೇದಕವು ಮೈನಸ್ 8 ಡಿಗ್ರಿಯಲ್ಲಿ ಸುಮಾರು 52 ಸಾವಿರ ಓಮ್ ತೋರಬೇಕು. ಕಿಲುಬಿನ ದೆಸೆಯಿಂದ 90 ಸಾವಿರ ತೋರಿದರೆ ಫಲಕವು ಮೈನಸ್ 18 ಮುಟ್ಟಿತೆಂದು ತಿಳಿದು ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಮೊದಲು ಐಸ್ ಕ್ರೀಮು ಮೆತ್ತಗಾಗುತ್ತದೆ, ಅನಂತರ ಬಟಾಣಿಯ ಪೊಟ್ಟಣ ಬೆವರುತ್ತದೆ, ದೋಷ ಹೆಚ್ಚಿದರೆ ಎಲ್ಲವೂ ಕರಗುತ್ತದೆ.

ಗುಂಡಿನೊಳಕ್ಕೆ ತೇವ ಸೇರಿದರೆ ಸಾಮಾನ್ಯವಾಗಿ ರೋಧ ಇಳಿಯುತ್ತದೆ. ಆಗ ಒಳಗೆ ಸಾಕಷ್ಟು ಶೈತ್ಯವಿದ್ದರೂ ಸಾಲದೆಂಬ ವರದಿ ಹೋಗಿ ಕಂಪ್ರೆಸರು ಬಿಡುವಿಲ್ಲದೆ ಓಡುತ್ತದೆ. ವಿದ್ಯುತ್ ಬಿಲ್ಲು ಏರುವುದು ಇದರ ಒಂದು ಲಕ್ಷಣ. ಒಂದೇ ತಂಪಿನ ಸುರುಳಿಯಿಂದ ಎರಡೂ ಭಾಗಗಳಿಗೆ ಗಾಳಿ ಹರಿಯುವ ಯಂತ್ರಗಳಲ್ಲಿ ಕೆಳಭಾಗವೂ ಅತಿಯಾಗಿ ತಣ್ಣಗಾಗಬಹುದು. ಸೊಪ್ಪು ಗಾಜಿನಂತೆ ಬಿಗಿಯುವುದು, ಹಾಲಿನಲ್ಲಿ ಮಂಜಿನ ಹರಳು ಕಾಣುವುದು ಇದರ ಮುನ್ಸೂಚನೆ. ಅದೇ ತಟ್ಟೆಯಲ್ಲಿ ಇನ್ಸುಲಿನ್ ಇದ್ದರೆ ಅದೂ ಹೆಪ್ಪುಗಟ್ಟಿ ಹಾಳಾಗುತ್ತದೆ.

ಸಂವೇದಕವನ್ನು ದೂರುವ ಮೊದಲು

ಫ್ರೀಜರಿನ ತಂಪು ಕಡಿಮೆಯಾದಾಗಲೆಲ್ಲ ಸಂವೇದಕವೇ ಕಾರಣವೆಂದು ತಿಳಿಯಬಾರದು. ಖರ್ಚಿಲ್ಲದೆ ನೋಡಬಹುದಾದ ಸಂಗತಿಗಳು ಹಲವು.

ಮೊದಲು ಯಂತ್ರದ ಆಯ್ಕೆಗಳನ್ನು ಗಮನಿಸಬೇಕು. ಫ್ರೀಜರನ್ನು ಫ್ರಿಜ್ಜಾಗಿ ಬದಲಾಯಿಸುವ ಗುಂಡಿ ಈಚಿನ ಅನೇಕ ಮಾದರಿಗಳಲ್ಲಿದೆ. ಮಕ್ಕಳ ಕೈ ತಗುಲಿ ಅದು ಬದಲಾದರೆ ಯಂತ್ರ ಸರಿಯಾಗಿದ್ದೂ ಮಂಜು ಕರಗುತ್ತದೆ. ಬಾಗಿಲ ಮೇಲಿನ ಅಂಕಿಯು ಒಳಗಿನ ನಿಜವಾದ ಉಷ್ಣತೆಯೋ ಅಥವಾ ಮನೆಯವರು ಗೊತ್ತುಮಾಡಿದ ಉಷ್ಣತೆಯೋ ಎಂಬುದನ್ನೂ ಪುಸ್ತಿಕೆಯಲ್ಲಿ ನೋಡಿ ತಿಳಿಯಬೇಕು. ಅನೇಕ ಯಂತ್ರಗಳಲ್ಲಿ ಅದು ಎರಡನೆಯದೇ ಆಗಿರುತ್ತದೆ!

ಬಳಿಕ ಬಾಗಿಲ ಅಂಚಿನ ರಬ್ಬರು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಕಾಗದದ ಚೂರನ್ನಿಟ್ಟು ಮುಚ್ಚಿ ಎಳೆದಾಗ ಅದು ಸಡಿಲವಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಸುಳುತ್ತಿದೆಯೆಂದು ಅರ್ಥ. ಗಾಳಿಯ ಕಂಡಿಗಳಿಗೆ ಪೊಟ್ಟಣಗಳನ್ನು ಒತ್ತಿ ತುಂಬಿದ್ದರೆ ತಂಪು ಹರಡದು. ಒಳಗಿನ ಫ್ಯಾನಿನ ಸದ್ದು ನಿಂತಿದೆಯೇ, ಹಿಂಬದಿಯ ಹಲಗೆಯ ಮೇಲೆ ಮಂಜು ದಪ್ಪವಾಗಿ ಕಟ್ಟಿದೆಯೇ ಎಂಬುದನ್ನೂ ನೋಡಬೇಕು. ಮಂಜು ಕಟ್ಟಿದ್ದರೆ ಕರಗಿಸುವ ಹೀಟರು, ಅದರ ಸಂವೇದಕ ಅಥವಾ ಬಾಗಿಲ ರಬ್ಬರಿನ ದೋಷವನ್ನು ಶಂಕಿಸಬಹುದು.

ಕೊನೆಯದಾಗಿ, ಸುತ್ತಲಿನ ಸೆಕೆ. ಹೈದರಾಬಾದಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದುಂಟು. ಉಷ್ಣವಲಯಕ್ಕೆಂದು ತಯಾರಾಗಿ ‘ಟಿ’ ಗುರುತು ಪಡೆದ ಫ್ರಿಜ್ಜುಗಳು 43 ಡಿಗ್ರಿಯವರೆಗಿನ ಪರಿಸರಕ್ಕೆ ಹೊಂದುತ್ತವೆ. ಗೋಡೆಗೆ ಅಂಟಿಸಿ, ಒಲೆಯ ಪಕ್ಕದಲ್ಲಿ, ಗಾಳಿಯಾಡದ ಮೂಲೆಯಲ್ಲಿ ನಿಲ್ಲಿಸಿದರೆ ಆ ಎಲ್ಲೆಯನ್ನು ಮೀರುವುದು ಕಷ್ಟವಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಯಂತ್ರದ ಮಾತನ್ನು ಒರೆಗೆ ಹಚ್ಚಲು ಯಂತ್ರಕ್ಕೆ ಸಂಬಂಧಪಡದ ಇನ್ನೊಂದು ಸಾಕ್ಷಿ ಬೇಕು. ಮೈನಸ್ 30 ಡಿಗ್ರಿಯವರೆಗೆ ಅಳೆಯಬಲ್ಲ ಒಂದು ಸಾಧಾರಣ ಫ್ರಿಜ್ ಥರ್ಮಾಮೀಟರು ಸಾಕು. ಜ್ವರ ನೋಡುವ ಥರ್ಮಾಮೀಟರು ಇದಕ್ಕೆ ಸಲ್ಲದು.

ಆ ಥರ್ಮಾಮೀಟರೇ ಸರಿಯೆಂಬುದಕ್ಕೆ ಏನು ಪ್ರಮಾಣ? ಒಂದು ಲೋಟದ ತುಂಬ ಪುಡಿಮಾಡಿದ ಮಂಜುಗಡ್ಡೆ ಹಾಕಿ, ಎಡೆಗಳು ತುಂಬುವಷ್ಟು ಶುದ್ಧ ನೀರು ಹೊಯ್ದು, ಚೆನ್ನಾಗಿ ಕಲಕಿ ಕೆಲವು ನಿಮಿಷ ಬಿಡಬೇಕು. ಆ ಮಿಶ್ರಣದ ಉಷ್ಣತೆ ಸೊನ್ನೆ ಡಿಗ್ರಿ. ಕುದಿಯುವ ನೀರು ಇಂಥ ಪರೀಕ್ಷೆಗೆ ಅಷ್ಟು ನಂಬಿಕೆಯದಲ್ಲ. ಸಮುದ್ರಮಟ್ಟದಿಂದ 500 ಮೀಟರಿಗಿಂತ ಎತ್ತರದಲ್ಲಿರುವ ಹೈದರಾಬಾದಿನಲ್ಲಿ ನೀರು ಸುಮಾರು 98 ಡಿಗ್ರಿಯಲ್ಲೇ ಕುದಿಯುತ್ತದೆ. ಕರಗುವ ಮಂಜು ಮಾತ್ರ ಮಂಗಳೂರಿನಲ್ಲೂ ಮಾದಾಪುರದಲ್ಲೂ ಒಂದೇ ಅಂಕಿಯನ್ನು ತೋರುತ್ತದೆ. ಥರ್ಮಾಮೀಟರಿನ ತುದಿಯನ್ನು ಲೋಟದ ಗೋಡೆಗೆ ತಾಗದಂತೆ ಅದರಲ್ಲಿ ಅದ್ದಿದಾಗ ಸೊನ್ನೆಯ ಆಚೀಚೆ ಒಂದು ಡಿಗ್ರಿಯೊಳಗೆ ತೋರಿದರೆ ಅದನ್ನು ನಂಬಬಹುದು. ಲೋಟದಲ್ಲಿ ಮುಳುಗಿಸಬಾರದ ಬಗೆಯದಾದರೆ ಹೊಸದೊಂದನ್ನು ಕೊಂಡು ಎರಡನ್ನೂ ಒಂದೆಡೆ ಇರಿಸಿ ಹೋಲಿಸಬಹುದು.

ಅನಂತರ ಥರ್ಮಾಮೀಟರನ್ನು ಫ್ರೀಜರಿನ ನಡುವೆ, ಹೆಪ್ಪುಗಟ್ಟಿದ ಪೊಟ್ಟಣಗಳ ಮಧ್ಯೆ ರಾತ್ರಿಯಿಡೀ ಇಟ್ಟು ಬೆಳಗ್ಗೆ ಬಾಗಿಲು ತೆರೆದೊಡನೆ ನೋಡಬೇಕು. ಮಂಜು ಕರಗಿಸುವ ಹೊತ್ತಿನಲ್ಲಿ ಒಳಗಿನ ಗಾಳಿ ಸ್ವಲ್ಪ ಬೆಚ್ಚಗಾಗುವುದು ಸಹಜವಾದ್ದರಿಂದ ಒಂದೇ ಅಂಕಿಯ ಮೇಲೆ ತೀರ್ಮಾನ ಸಲ್ಲದು. ಎರಡು ದಿನ ಬೆಳಗ್ಗೆ ಸಂಜೆ ನೋಡಿ ಬರೆದಿಡಬೇಕು. ಕೆಳಭಾಗದ ಉಷ್ಣತೆಯನ್ನು ತಿಳಿಯಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರನ್ನು ಅದ್ದಿ ನಡುವಿನ ತಟ್ಟೆಯಲ್ಲಿಟ್ಟರಾಯಿತು. ಯಂತ್ರವು ತೋರಿಸುವ ನಿಜವಾದ ಉಷ್ಣತೆಗೂ ಥರ್ಮಾಮೀಟರಿನ ಅಂಕಿಗೂ ಸತತವಾಗಿ ಐದಾರು ಡಿಗ್ರಿಗಿಂತ ಹೆಚ್ಚು ಅಂತರ ಕಂಡುಬಂದು, ಮೇಲೆ ಹೇಳಿದ ಬೇರೆ ಕಾರಣಗಳಾವುವೂ ಇಲ್ಲವಾದರೆ, ಸಂವೇದಕವನ್ನು ಶಂಕಿಸಲು ಆಧಾರವುಂಟು.

ರಿಪೇರಿಯವನು ನೋಡಬೇಕಾದುದು

ಇಲ್ಲಿಂದ ಮುಂದಿನದು ಅರಿತವರ ಕೆಲಸ. ಪ್ಲಗ್ಗನ್ನು ಕಿತ್ತ ಮೇಲೆಯೇ ಹಿಂಬದಿಯ ಹಲಗೆಯನ್ನು ತೆಗೆಯಬೇಕು. ಸಂವೇದಕದ ಕೊಂಡಿಯನ್ನು ಫಲಕದಿಂದ ಬಿಡಿಸಿ, ಗುಂಡನ್ನು ಅದೇ ಮಂಜುನೀರಿನ ಲೋಟದಲ್ಲಿ ಅದ್ದಿ, ಐದು ನಿಮಿಷದ ಬಳಿಕ ಮಲ್ಟಿಮೀಟರಿನಿಂದ ರೋಧವನ್ನು ಅಳೆಯಬೇಕು. ಸೊನ್ನೆ ಡಿಗ್ರಿಗೆ ಕಂಪನಿಯ ಪಟ್ಟಿಯಲ್ಲಿ ಹೇಳಿದ ಅಂಕಿಗೆ ಅದು ಹತ್ತಿರವಿದ್ದರೆ ಸಂವೇದಕ ಸರಿಯಾಗಿದೆ. ಅಪಾರವೆಂದು ತೋರಿದರೆ ತಂತಿ ಕಡಿದಿದೆ. ಸೊನ್ನೆ ಓಮ್ ತೋರಿದರೆ ತಂತಿಗಳು ಕೂಡಿವೆ. ಅಂಕಿ ನಿಲ್ಲದೆ ಅಲೆದಾಡಿದರೆ ಒಳಗೆ ತೇವ ಸೇರಿರುವ ಸಂಭವ ಹೆಚ್ಚು. ಪಟ್ಟಿ ಸಿಗದಿದ್ದರೆ ಅದೇ ಯಂತ್ರದಲ್ಲಿರುವ ಅದೇ ಬಗೆಯ ಇನ್ನೊಂದು ಸಂವೇದಕವನ್ನು ಜೊತೆಗೆ ಅದ್ದಿ ಹೋಲಿಸಬಹುದು. ಗುಂಡು ಸರಿಯಿದ್ದರೆ ಕೊಂಡಿ, ತಂತಿ, ಕೊನೆಯಲ್ಲಿ ಫಲಕ - ಈ ಕ್ರಮದಲ್ಲಿ ಶೋಧಿಸಬೇಕು.

ಮನೆಯವರು ಈ ಕ್ರಮವನ್ನು ತಿಳಿದಿದ್ದರೆ ಒಂದು ಲಾಭವಿದೆ. ಸಂವೇದಕವು ಯಂತ್ರದಲ್ಲಿನ ಅಗ್ಗದ ಭಾಗಗಳಲ್ಲೊಂದು. ಫಲಕವೂ ಕಂಪ್ರೆಸರೂ ದುಬಾರಿಯವು. “ಗ್ಯಾಸ್ ಹೋಗಿದೆ, ಬೋರ್ಡು ಬದಲಾಯಿಸಬೇಕು” ಎಂಬ ಮಾತು ಬಂದಾಗ “ಸೆನ್ಸರನ್ನು ಐಸ್ ನೀರಿನಲ್ಲಿ ಅಳೆದು ನೋಡಿದಿರಾ?” ಎಂದು ಕೇಳುವುದು ತಪ್ಪಲ್ಲ. ಹೊಸ ಸಂವೇದಕವು ಅದೇ ಮಾದರಿಗೆ ಹೇಳಿದ್ದೇ ಆಗಿರಬೇಕು. ನೋಡಲು ಒಂದೇ ತೆರನಾದ, ರೋಧ ಬೇರೆಯಾದ ಸಂವೇದಕವನ್ನು ಕೂಡಿಸಿದರೆ ಹಳೆಯ ಸುಳ್ಳಿನ ಬದಲು ಹೊಸ ಸುಳ್ಳು ಬಂದಂತಾಗುತ್ತದೆ.

ಒಂದು ಎಚ್ಚರಿಕೆ ಅತ್ಯವಶ್ಯ. ಕಟ್ಟಿದ ಮಂಜನ್ನು ಚಾಕು ಅಥವಾ ಸ್ಕ್ರೂಡ್ರೈವರಿನಿಂದ ಕೆತ್ತಬಾರದು. ಇಂದಿನ ಅನೇಕ ಫ್ರಿಜ್ಜುಗಳಲ್ಲಿರುವ ಐಸೊಬ್ಯೂಟೇನ್ ಅನಿಲವು ಬೆಂಕಿ ಹೊತ್ತುವಂಥದು. ಯಂತ್ರವನ್ನು ಆರಿಸಿ, ಬಾಗಿಲು ತೆರೆದಿಟ್ಟು, ಮಂಜು ತಾನಾಗಿ ಕರಗಲು ಬಿಡುವುದೇ ಕ್ಷೇಮ.

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಯಂತ್ರ ದುರಸ್ತಿಯಾಯಿತು, ಒಳಗಿನ ಪದಾರ್ಥಗಳ ಗತಿಯೇನು? ಮುಟ್ಟಿ ನೋಡಿದಾಗ ಇನ್ನೂ ಮಂಜಿನ ಹರಳುಗಳಿದ್ದರೆ ಅಥವಾ 4 ಡಿಗ್ರಿಗಿಂತ ತಣ್ಣಗಿದ್ದರೆ ಸಾಮಾನ್ಯವಾಗಿ ಮತ್ತೆ ಹೆಪ್ಪುಗಟ್ಟಿಸಬಹುದು, ರುಚಿ ಮಾತ್ರ ಸ್ವಲ್ಪ ಇಳಿಯುತ್ತದೆ. ಕೂಡಲೇ ಬೇಯಿಸಿ ಬಳಸುವುದು ಇನ್ನೂ ಒಳ್ಳೆಯದು. ಬೆಚ್ಚಗಾಗಿ ಎರಡು ಗಂಟೆ ಮೀರಿದ ಮೀನು, ಮಾಂಸ, ಹಾಲಿನ ಪದಾರ್ಥ, ಬೇಯಿಸಿದ ಅಡುಗೆ, ಕಾಯಿತುರಿ, ಹೂರಣದ ತಿಂಡಿಗಳನ್ನು ಬಿಸಾಡಬೇಕು. ಎಷ್ಟು ಹೊತ್ತು ಬೆಚ್ಚಗಿತ್ತೆಂದು ತಿಳಿಯದಿದ್ದರೂ ಅದೇ ನಿಯಮ.

“ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ” ಎಂಬ ಮಾತು ಇಲ್ಲಿ ನಡೆಯದು. ಬಂಗುಡೆಯಂಥ ಮೀನು ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮೀನ್ ಎಂಬ ವಸ್ತು ಸಂಗ್ರಹವಾಗುತ್ತದೆ. ಕುದಿಸಿದರೂ ಕರಿದರೂ ಮತ್ತೆ ಹೆಪ್ಪುಗಟ್ಟಿಸಿದರೂ ಅದು ನಾಶವಾಗದು. ಉಂಡ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗುವುದು, ತಲೆನೋವು, ತುರಿಕೆ, ಎದೆಬಡಿತ ಇದರ ಲಕ್ಷಣಗಳು. ಸ್ಟ್ಯಾಫಿಲೊಕಾಕಸ್ ಜಾತಿಯ ರೋಗಾಣು ಆಹಾರದಲ್ಲಿ ಬಿಟ್ಟ ವಿಷವೂ ಕುದಿತಕ್ಕೆ ಜಗ್ಗುವುದಿಲ್ಲ. ವಾಸನೆಯಿಂದಲೂ ರುಚಿಯಿಂದಲೂ ಇವನ್ನು ಕಂಡುಹಿಡಿಯುವುದು ಸಾಧ್ಯವಿಲ್ಲ.

ಪೂರ್ತಿ ಕರಗಿದ ತಾಯಿಯ ಹಾಲನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಫ್ರಿಜ್ಜಿನಲ್ಲಿ ತಣ್ಣಗೆ ಇದ್ದರೆ ಪೂರ್ತಿ ಕರಗಿದ 24 ಗಂಟೆಗಳೊಳಗೆ, ಹೊರಗಿನ ಉಷ್ಣತೆಗೆ ಬಂದಿದ್ದರೆ ಎರಡು ಗಂಟೆಗಳೊಳಗೆ ಕೂಸಿಗೆ ಕೊಡಬೇಕು. ಹೊತ್ತು ತಿಳಿಯದಿದ್ದರೆ ಚೆಲ್ಲಬೇಕು. ತಾಯಿಗೆ ಇದು ಸಂಕಟದ ಮಾತೇ, ಆದರೂ ಶಿಶುವಿನ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡಬಾರದು.

ಬಳಕೆಗೆ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ತಿಳಿಯಾಗಿಯೇ ಕಂಡರೂ ಅದರ ಬಲವನ್ನು ನಂಬುವಂತಿಲ್ಲ, ಬಳಸಲೇಬಾರದು. ಕಾರಣವಿಲ್ಲದೆ ಸಕ್ಕರೆಯ ಅಂಶ ಏರುತ್ತಿದ್ದರೆ ವೈದ್ಯರನ್ನು ಕಾಣುವುದರೊಡನೆ ಇನ್ಸುಲಿನ್ ಇಟ್ಟ ತಾಣದ ಉಷ್ಣತೆಯನ್ನೂ ಅಳೆದು ನೋಡಬೇಕು. ತಂಪುಗಾಳಿಯ ಕಂಡಿಯ ಹತ್ತಿರ ಅದನ್ನು ಇಡಬಾರದು.

ಊರಿಗೆ ಹೊರಡುವ ಮುನ್ನ

ದಸರೆಗೋ ಯುಗಾದಿಗೋ ಮನೆ ಬೀಗ ಹಾಕಿ ಊರಿಗೆ ಹೋಗುವವರು ಒಂದು ಸುಲಭ ಉಪಾಯವನ್ನು ಮಾಡಬಹುದು. ಸಣ್ಣ ಬಟ್ಟಲಿನಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಫ್ರೀಜರಿನಲ್ಲಿ ಬಿಟ್ಟುಹೋಗಬೇಕು. ಹಿಂದಿರುಗಿದಾಗ ನಾಣ್ಯವು ಮೇಲೆಯೇ ಇದ್ದರೆ ಬಟ್ಟಲಿನ ಮಂಜು ಕರಗಿಲ್ಲ. ನಾಣ್ಯವು ತಳಕ್ಕಿಳಿದು ಮೇಲೆ ಮಂಜು ಕಟ್ಟಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆಯೆಂದು ಅರ್ಥ. ವಿದ್ಯುತ್ ಹೋಗಿತ್ತೋ, ಸಂವೇದಕ ಕೈಕೊಟ್ಟಿತ್ತೋ, ಕಾರಣವನ್ನು ಆಮೇಲೆ ಹುಡುಕಬಹುದು. ಆಹಾರವನ್ನು ಮಾತ್ರ ತಿನ್ನಬಾರದು.

ಒಂದು ಥರ್ಮಾಮೀಟರು, ಒಂದು ಲೋಟ ಮಂಜುನೀರು, ಒಂದು ನಾಣ್ಯ - ಇಷ್ಟನ್ನು ಬಳಸಲು ಯಾವ ವಿಶೇಷ ವಿದ್ಯೆಯೂ ಬೇಕಿಲ್ಲ. ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಹುಣ್ಣಿಮೆಗೋ ನೆನಪಿಟ್ಟುಕೊಂಡು, ಫ್ರೀಜರಿನ ಉಷ್ಣತೆಯನ್ನು ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಗುರುತು ಹಾಕುವ ಮನೆಯಲ್ಲಿ ದೋಷವು ಬಹುಕಾಲ ಅಡಗಿರಲಾರದು. ಊರಿನಿಂದ ಪ್ರೀತಿಯಿಂದ ಕಟ್ಟಿಕೊಟ್ಟ ಬುತ್ತಿಯು ಊಟದ ತಟ್ಟೆಯನ್ನು ಕ್ಷೇಮವಾಗಿ ಮುಟ್ಟಬೇಕಾದರೆ ಅಷ್ಟು ಎಚ್ಚರ ಬೇಕು.